ಕೊಹಿಮಾದ ಕಲ್ಲುಗಳು ಹಲ್ಲಿನ ಸಾಲಿನಂತೆ ಯಾಕೆ ಕಾಣುತ್ತವೆ?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವಳು. ಎರಡು ವರ್ಷದಿಂದ ಜಲವರ್ಣ ಕಲಿಯುತ್ತಿದ್ದೇನೆ. ನಾಗಾಲ್ಯಾಂಡ್ ಪ್ರವಾಸ ಹೋದಾಗ ಕೊಹಿಮಾದ ವಾರ್ ಸಿಮೆಟ್ರಿ, ಅಂದರೆ ಎರಡನೇ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸ್ಮಶಾನ, ನೋಡಿದೆ. ಊರಿಗೆ ಬಂದ ಮೇಲೂ ಅದು ಕಣ್ಣ ಮುಂದಿಂದ ಹೋಗಲಿಲ್ಲ. ಚಿತ್ರ ಬರೆಯೋಣ ಅಂತ ಮೂರು ಸಲ ಕೂತೆ. ಮೂರೂ ಸಲ ಸಮಾಧಿ ಕಲ್ಲುಗಳು ಹಲ್ಲಿನ ಸಾಲಿನಂತೆ ಬಂದವು. ಹುಲ್ಲು ಆಟದ ಮೈದಾನದ ಹಾಗಾಯ್ತು. ಎಲ್ಲಿ ತಪ್ಪುತ್ತಿದ್ದೇನೆ? ಇನ್ನೊಂದು ವಿಷಯ: ಸ್ಮಶಾನದ ಚಿತ್ರ ಮನೆಯಲ್ಲಿ ಹಾಕಬಾರದು ಅಂತ ನಮ್ಮತ್ತೆ ಹೇಳ್ತಾರೆ. ನೀವೇನಂತೀರಿ?

ಉತ್ತರ: ಮೂರೂ ಚಿತ್ರಗಳ ಜೊತೆ ನೀವೇ ತೆಗೆದ ಫೋಟೋ ಕಳಿಸಿದ್ದು ಒಳ್ಳೇದಾಯ್ತು. ಪಕ್ಕಪಕ್ಕ ಇಟ್ಟು ನೋಡಿದೆ. ಬಣ್ಣದ ವಿಷಯ ಆಮೇಲೆ. ಮೊದಲು ಕಣ್ಣಿಗೆ ಬಿದ್ದದ್ದು ಕಲ್ಲಿನ ಆಕಾರ. ನಿಮ್ಮ ಚಿತ್ರದ ಕಲ್ಲುಗಳು ಎತ್ತರವಾಗಿವೆ, ನೆಟ್ಟಗೆ ನಿಂತಿವೆ, ನೆತ್ತಿ ಸ್ವಲ್ಪ ದುಂಡಗಿದೆ. ನಿಮ್ಮ ಫೋಟೋದಲ್ಲಿ ಅಂಥ ಒಂದು ಕಲ್ಲೂ ಇಲ್ಲ!

ಫ್ರಾನ್ಸ್, ಬೆಲ್ಜಿಯಂ ಕಡೆಯ ಸ್ಮಶಾನಗಳ ಚಿತ್ರ ನೋಡಿ ಕೈ ಪಳಗಿಸಿಕೊಂಡಿರಬೇಕು ನೀವು. ಅಲ್ಲಿಯ ಕಲ್ಲು ಹಾಗೇ ಇರುತ್ತೆ. ಎತ್ತರ ಸುಮಾರು 81 ಸೆಂ.ಮೀ., ಅಗಲ 38. ಮಾಮೂಲಿ ಊಟದ ಮೇಜಿಗಿಂತ ಸ್ವಲ್ಪ ಎತ್ತರ ಅಷ್ಟೆ. 1917ರಲ್ಲಿ ಶುರುವಾದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗ ಈ ಅಳತೆಯನ್ನು ನಿಗದಿ ಮಾಡಿತು. ಸಿಪಾಯಿಗೂ ಅದೇ ಅಳತೆ, ದೊಡ್ಡ ಅಧಿಕಾರಿಗೂ ಅದೇ ಅಳತೆ. ಆದರೆ ನೆಲ ಗಟ್ಟಿ ಇಲ್ಲದ ಕಡೆ, ಭೂಮಿ ನಡುಗುವ ಕಡೆ ಆಯೋಗದವರು ನೆಟ್ಟಗಿನ ಕಲ್ಲು ನಿಲ್ಲಿಸುವ ಬದಲು ಗಿಡ್ಡ ಪೀಠ ಇಡುವುದುಂಟು. ಕೊಹಿಮಾದಲ್ಲಿ ಇರುವುದೂ ಅಂಥ ಗಿಡ್ಡ ಕಲ್ಲುಗಳೇ. ಬೆಳ್ಳಗೆ ಬಳಿದ ಕಲ್ಲು, ಅದರ ಮುಖದ ಮೇಲೆ ಹೆಸರು ಕೊರೆದ ಕಂಚಿನ ಫಲಕ.

ಈ ಒಂದು ವ್ಯತ್ಯಾಸದಿಂದ ನಿಮ್ಮ ಅರ್ಧ ಸಮಸ್ಯೆ ಬಗೆಹರಿಯುತ್ತೆ. ನೆಟ್ಟಗಿನ ಬಿಳಿ ಕಲ್ಲುಗಳನ್ನು ಒತ್ತೊತ್ತಾಗಿ ಬರೆದರೆ ಹಲ್ಲಿನಂತೆ ಕಾಣದೆ ಇನ್ನೇನು ಕಾಣುತ್ತೆ ಹೇಳಿ? ಗಿಡ್ಡ ಪೀಠ ದೂರದಿಂದ ಒಂದು ತಿಳಿ ಗೆರೆ, ಅದರೊಳಗೆ ಒಂದು ಕಪ್ಪು ಚುಕ್ಕೆ, ಅಷ್ಟೆ. ಹತ್ತಿರದಿಂದ ನೋಡಿದರೆ ಅದಕ್ಕೆ ಮೂರು ಮುಖ. ಮೇಲಿನ ಮುಖ ಆಕಾಶದ ಬೆಳಕು ಹಿಡಿಯುತ್ತೆ. ಮುಂದಿನ ಮುಖವನ್ನು ಕಂಚು ತುಂಬುತ್ತೆ, ಸುತ್ತ ತೆಳ್ಳಗೆ ಬಿಳಿ ಅಂಚು ಉಳಿಯುತ್ತೆ. ಪಕ್ಕದ ಮುಖ ನೆರಳಲ್ಲಿರುತ್ತೆ. ಫೋಟೋ ದೊಡ್ಡದು ಮಾಡಿ ಎಡಗಡೆಯ ಎರಡನೇ ಕಲ್ಲು ನೋಡಿ. ಮೂರೂ ಮುಖ ಬೇರೆ ಬೇರೆಯಾಗಿ ಕಾಣುತ್ತವೆ. ನೀವು ಮೂರಕ್ಕೂ ಒಂದೇ ಬಿಳಿ ಬಿಟ್ಟಿದ್ದೀರಿ.

ಇನ್ನು ಆ ಬಿಳಿಯ ವಿಷಯ. ನೀವು ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಮೊದಲೇ ಹಚ್ಚಿ, ಆಮೇಲೆ ಉಜ್ಜಿ ತೆಗೆಯುವ ದ್ರವ) ಬಳಸಿದ್ದೀರಿ ಅಂತ ಅಂಚು ನೋಡಿದರೇ ಗೊತ್ತಾಗುತ್ತೆ. ಎರಡನೇ ಚಿತ್ರದಲ್ಲಿ ಎಣಿಸಿದೆ, 64 ಕಲ್ಲು! 64ಕ್ಕೂ ಸುತ್ತ ಒಂದೇ ಥರ ಗಡಸು ಅಂಚು. ಹಲ್ಲಿನ ಹಾಗೆ ಕಾಣೋದಕ್ಕೆ ಇದೂ ಒಂದು ಕಾರಣ. ಕಣ್ಣು ಯಾವತ್ತೂ ಎಲ್ಲ ಅಂಚನ್ನೂ ಅಷ್ಟು ಚೂಪಾಗಿ ನೋಡಲ್ಲ. ಬಿಸಿಲು ಬಿದ್ದ ಕಡೆ ಕಲ್ಲು ಮತ್ತು ಹುಲ್ಲು ಒಂದರೊಳಗೊಂದು ಕರಗಿಹೋಗುತ್ತವೆ. ನೆರಳಿನ ಕಡೆ ಮಾತ್ರ ಗೆರೆ ಖಡಕ್ಕಾಗಿರುತ್ತೆ.

ಆ ದ್ರವದ ಜೊತೆ ನನ್ನದೂ ಹಳೇ ಜಗಳ ಇದೆ ಬಿಡಿ. ಒಂದು ಸಲ ಅದನ್ನು ಹಚ್ಚಿದ ಕಾಗದವನ್ನು ಬೇಗ ಒಣಗಲಿ ಅಂತ ಬಿಸಿಲಿಗಿಟ್ಟು ಊಟಕ್ಕೆ ಹೋದೆ. ಬಂದು ಉಜ್ಜಿದರೆ ಕಾಗದದ ಮೇಲ್ಪದರವೇ ಕಿತ್ತು ಬಂತು. ಶಾಖ ತಾಗಿದರೆ ಅದು ಕಾಗದದೊಳಗೆ ಕಚ್ಚಿಕೊಂಡುಬಿಡುತ್ತೆ. ಹೇರ್ ಡ್ರೈಯರ್ ಹಿಡಿದರೂ ಅದೇ ಗತಿ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಕಾಗದ ಪೂರ್ತಿ ಒಣಗದೆ ಹಚ್ಚಿದರೆ ದ್ರವ ನಾರಿನೊಳಗೆ ಇಳಿಯುತ್ತೆ, ಆಮೇಲೆ ಬಿಡಿಸೋಕೆ ಆಗಲ್ಲ. ಈ ಚಿತ್ರಕ್ಕೆ ಆ ಬಾಟಲಿ ಮುಚ್ಚಿಡಿ.

ಅದರ ಬದಲು ಹೀಗೆ ಮಾಡಿ. ಕಲ್ಲನ್ನು ಬರೆಯಲೇ ಬೇಡಿ. ಕಲ್ಲಿನ ಸುತ್ತಲಿನ ಹುಲ್ಲನ್ನು ಬರೆಯಿರಿ. ಕಲ್ಲು ಇರಬೇಕಾದ ಜಾಗ ತಾನಾಗಿ ಉಳಿಯುತ್ತೆ.

ಹೇಳೋದು ಸುಲಭ, ನನಗೇ ಇದು ಕೈಗೆ ಹತ್ತಲು ತುಂಬ ದಿನ ಬೇಕಾಯ್ತು. ಮೊದಲು ಇಡೀ ನೆಲಕ್ಕೆ ತೀರಾ ನೀರಾದ ಯೆಲ್ಲೋ ಆಕರ್, ಅಂದರೆ ಮಣ್ಣು ಹಳದಿ, ಹರಡಿ, ಒಂದು ಹನಿ ಹಸಿರು ಸೇರಿಸಿ. ಟೀ ಸೋಸಿದ ಮೇಲೆ ಲೋಟದಲ್ಲಿ ಉಳಿಯುವ ಬಣ್ಣಕ್ಕಿಂತ ತಿಳಿಯಾಗಿರಲಿ. ಹತ್ತಿರದ ಐದಾರು ಕಲ್ಲುಗಳ ನೆತ್ತಿಯನ್ನು ಮಾತ್ರ ಒಣಗಿದ ಬಿಳಿ ಕಾಗದವಾಗಿಯೇ ಬಿಡಿ. ಉಳಿದ ಕಲ್ಲುಗಳ ಮೇಲೆ ಈ ತಿಳಿ ಬಣ್ಣ ಹರಿದರೂ ಚಿಂತೆಯಿಲ್ಲ. ಪೂರ್ತಿ ಒಣಗಲಿ. ಕೈ ಹಿಂಭಾಗ ಮುಟ್ಟಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಳಗೆ ನೀರಿದೆ. ಆಮೇಲೆ ನಡು ಹಸಿರು ತೆಗೆದುಕೊಂಡು, 8ನೇ ನಂಬರಿನ ದುಂಡು ಬ್ರಷ್ಷಿನ ತುದಿಯಿಂದ ಕಲ್ಲುಗಳ ನಡುವಿನ ಜಾಗ ತುಂಬಿ. ಕಲ್ಲಿನ ಬುಡಕ್ಕೆ ಬ್ರಷ್ ತಂದು ನಿಲ್ಲಿಸಿ, ಮುಂದಕ್ಕೆ ಎಳೆಯಿರಿ. ಎರಡು ಮೂರು ಕಡೆ ಬೇಕಂತಲೇ ಬಣ್ಣ ನಿಲ್ಲಿಸದೆ ಕಲ್ಲಿನೊಳಕ್ಕೆ ಹರಿಯಲು ಬಿಡಿ. ಕೈ ತಪ್ಪಿತು ಅಂತ ಟಿಶ್ಯೂ ಹಿಡಿದು ಓಡಬೇಡಿ.

ದೂರದ ಸಾಲುಗಳಲ್ಲಿ ಒಂದೊಂದೇ ಕಲ್ಲು ಬಿಡಿಸುತ್ತಾ ಹೋಗುವ ಗೋಜು ಬೇಡ. ಆ ಸ್ಮಶಾನದಲ್ಲಿ 1,420 ಸಮಾಧಿಗಳಿವೆ. ನಿಮ್ಮದು ಎ4 ಕಾಗದ. ಮುಂದಿನ ಸಾಲಿನಲ್ಲಿ ಐದಾರು ಕಲ್ಲು ಮನಸ್ಸಿಟ್ಟು ಬರೆಯಿರಿ. ಅದರ ಹಿಂದೆ ಹತ್ತು ಹನ್ನೆರಡು ಅರ್ಧಂಬರ್ಧ. ಅದಕ್ಕೂ ಹಿಂದೆ ಅಲ್ಲಲ್ಲಿ ಕಡಿದುಹೋದ ತಿಳಿ ಪಟ್ಟಿ ಸಾಕು. ನೋಡುವವರ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತೆ.

ಇಲ್ಲಿ ನಿಮಗೊಂದು ಮುಜುಗರ ಆಗಬಹುದು, ನನಗೂ ಆಗಿತ್ತು. ಪ್ರತಿ ಕಲ್ಲೂ ಒಬ್ಬ ಮನುಷ್ಯ, ಬಿಟ್ಟುಬಿಡೋದು ಸರಿಯಾ ಅಂತ. ಆದರೆ ಕಲ್ಲು ಎಣಿಸಿ ಬರೆದರೂ ಲೆಕ್ಕ ಪೂರ್ತಿ ಆಗಲ್ಲ. ಅಲ್ಲಿ ಕಲ್ಲೇ ಇಲ್ಲದ 917 ಜನ ಇದ್ದಾರೆ. ಹಿಂದೂ ಮತ್ತು ಸಿಖ್ ಸೈನಿಕರು. ಅವರವರ ಪದ್ಧತಿಯಂತೆ ದಹನ ಮಾಡಿದ್ದರಿಂದ ಅವರಿಗೆ ಸಮಾಧಿ ಇಲ್ಲ. ಅವರ ಹೆಸರುಗಳು ಸ್ಮಶಾನದ ತೀರಾ ಎತ್ತರದ ಜಾಗದಲ್ಲಿ, ಒಂದೇ ಸ್ಮಾರಕದ ಮೇಲಿವೆ. ನಿಮ್ಮ ಮೂರೂ ಚಿತ್ರ ಆ ಎತ್ತರಕ್ಕೆ ಹೋಗುವ ಮೊದಲೇ ಕಾಗದದ ಅಂಚಿನಲ್ಲಿ ಮುಗಿದಿವೆ. ನಾನಾಗಿದ್ದರೆ ಕಾಗದ ಉದ್ದುದ್ದ ಹಿಡಿದು, ಬೆಟ್ಟದ ನೆತ್ತಿಯನ್ನೂ ಒಳಗೆ ತರುತ್ತಿದ್ದೆ. ಅಲ್ಲಿ ಏನೂ ವಿವರ ಬೇಡ, ಒಂದು ತಿಳಿ ಆಕಾರ ಸಾಕು.

ಉದ್ದುದ್ದ ಹಿಡಿದ ಕೂಡಲೇ ಮೆಟ್ಟಿಲು ಮೆಟ್ಟಿಲಾಗಿರುವ ನೆಲದ ಸಮಸ್ಯೆ ಬರುತ್ತೆ. ನಿಮ್ಮ ಚಿತ್ರ ಜಾರುಬಂಡೆಯ ಹಾಗೆ ಕಾಣೋದಕ್ಕೆ ಇದೇ ಕಾರಣ. ನೀವು ಎಲ್ಲ ಹಂತದಲ್ಲೂ ಹುಲ್ಲು ತೋರಿಸಿದ್ದೀರಿ. ನಿಜವಾಗಿ ನಿಂತು ನೋಡಿದರೆ ಹಾಗೆ ಕಾಣಲ್ಲ. ನಿಮ್ಮ ಕಣ್ಣಿಗಿಂತ ಕೆಳಗಿರುವ ಹಂತಗಳಲ್ಲಿ ಹುಲ್ಲು ಕಾಣುತ್ತೆ, ಕಲ್ಲಿನ ನೆತ್ತಿ ಕಾಣುತ್ತೆ. ಕಣ್ಣಿಗಿಂತ ಮೇಲಿರುವ ಹಂತಗಳಲ್ಲಿ ಹುಲ್ಲು ಅಡಗಿಹೋಗುತ್ತೆ. ಅಂಚಿನ ಗೋಡೆ ಕಾಣುತ್ತೆ, ಅದರ ಮೇಲೆ ಕಲ್ಲುಗಳ ಮೇಲ್ಭಾಗ ಮಾತ್ರ ಇಣುಕುತ್ತೆ. ಘಟ್ಟದ ಕಡೆ ಮೆಟ್ಟಿಲು ಗದ್ದೆ ನೋಡಿರ್ತೀರಲ್ವಾ? ಕೆಳಗೆ ನಿಂತು ನೋಡಿದರೆ ಬರೀ ಬದು. ಮೇಲೆ ಹತ್ತಿ ತಿರುಗಿದರೆ ಪೈರು. ಅದೇ ಲೆಕ್ಕ. ಫೋಟೋದಲ್ಲಿ ನಿಮ್ಮ ಕಣ್ಣಿನ ಮಟ್ಟ ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ ಹಾಕಿಕೊಂಡು ಶುರು ಮಾಡಿ. ಆ ಗೆರೆ ಇಲ್ಲದೆ ಈ ಜಾಗ ಬರೆಯೋಕೆ ಆಗಲ್ಲ.

ಸಾಲಿನ ಅಂತರದ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ, ನೀವು ಅಡಿಕೆ ಸೀಮೆಯವರು. ತೋಟದಲ್ಲಿ ನಡೆಯುವಾಗ ಒಂದು ಹೆಜ್ಜೆಗೆ ಮರಗಳೆಲ್ಲ ಕಲಸಿಹೋದ ಹಾಗಿರುತ್ತೆ, ಮುಂದಿನ ಹೆಜ್ಜೆಗೆ ಕೊನೆತನಕ ಒಂದು ಓಣಿ ತೆರೆದುಕೊಳ್ಳುತ್ತೆ. ಸಾಲಾಗಿ ಇಟ್ಟ ಕಲ್ಲುಗಳೂ ಹಾಗೇ ಆಡುತ್ತವೆ. ನೀವು ಎದುರಾಬದುರು ನಿಂತು ಬರೆದಿದ್ದೀರಿ. ಸ್ವಲ್ಪ ಓರೆಯಾಗಿ ನಿಂತ ನೋಟ ತೆಗೆದುಕೊಳ್ಳಿ. ಆಗ ಒಂದು ಕಡೆ ಓಣಿ ತೆರೆದಿರುತ್ತೆ, ಇನ್ನೊಂದು ಕಡೆ ಕಲ್ಲುಗಳು ಒಂದರ ಮೇಲೊಂದು ಬಿದ್ದಂತೆ ಒತ್ತಾಗುತ್ತವೆ. ಹಲ್ಲಿನ ಸಾಲು ಅಲ್ಲೇ ಮುರಿಯುತ್ತೆ.

ಈಗ ಹಸಿರು. ಆಟದ ಮೈದಾನದ ಹಾಗಾಯ್ತು ಅಂತ ಬೇಜಾರು ಮಾಡಿಕೊಂಡಿದ್ದೀರಿ. ತಮಾಷೆ ಅಂದ್ರೆ ಅಲ್ಲಿ ನಿಜವಾಗಿಯೂ ಒಂದು ಆಟದ ಅಂಗಳ ಇದೆ. 1944ರ ಏಪ್ರಿಲ್ 4ರಿಂದ ಜೂನ್ 22ರವರೆಗೆ ನಡೆದ ಕೊಹಿಮಾ ಕದನದಲ್ಲಿ, ಗ್ಯಾರಿಸನ್ ಹಿಲ್ ಅನ್ನುವ ಈ ಗುಡ್ಡದ ಮೇಲೆ ಡೆಪ್ಯುಟಿ ಕಮಿಷನರ್ ಬಂಗಲೆ ಇತ್ತು, ಅದರ ಟೆನಿಸ್ ಕೋರ್ಟ್ ಇತ್ತು. ಕೋರ್ಟಿನ ಒಂದು ಬದಿಯಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು, ಇನ್ನೊಂದು ಬದಿಯಲ್ಲಿ ಜಪಾನಿನವರು. ಒಂದು ಟೆನಿಸ್ ಕೋರ್ಟಿನ ಅಗಲದಲ್ಲಿ ಗ್ರೆನೇಡ್ ಎಸೆದಾಡಿಕೊಂಡು ದಿನಗಟ್ಟಲೆ ಕಾದಾಡಿದರು. ಬಂಗಲೆ ನೆಲಸಮವಾಯ್ತು. ಕೋರ್ಟಿನ ಗೆರೆಗಳನ್ನು ಮಾತ್ರ ಕಾಂಕ್ರೀಟಿನಲ್ಲಿ ಹಾಗೇ ಉಳಿಸಿದ್ದಾರೆ. ನಿಮ್ಮ ಫೋಟೋದ ಬಲಗಡೆ ಮೇಲೆ ಹುಲ್ಲಿನಲ್ಲಿ ಒಂದು ಬಿಳಿ ಗೆರೆ ಇದೆ ನೋಡಿ, ಅದು ಕಾಲುದಾರಿ ಅಂದುಕೊಂಡು ಕಂದು ಬಣ್ಣ ಹಚ್ಚಿದ್ದೀರಿ. ಅದು ಕೋರ್ಟಿನ ಅಂಚು. ಬಿಳಿಯಾಗೇ ಬಿಡಿ. ಆದರೆ ಮುಂದಿನ ಕಲ್ಲುಗಳಿಗಿಂತ ಮಂಕಾಗಿರಲಿ.

ಹಸಿರು ಕೆಟ್ಟದ್ದಕ್ಕೆ ಕಾರಣ ಟ್ಯೂಬು. ನೇರ ಟ್ಯೂಬಿನಿಂದ ಬಂದ ಹಸಿರು ಹುಲ್ಲಿನ ಬಣ್ಣ ಆಗೋದು ಅಪರೂಪ. ನಿಮ್ಮ ಸ್ಯಾಪ್ ಗ್ರೀನ್ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಪಿಜಿ 7 ಅನ್ನುವ ಬಣ್ಣದ ಸಂಕೇತ ಇದೆಯಾ ನೋಡಿ. ಇದ್ದರೆ ಅದರಲ್ಲಿ ಥ್ಯಾಲೋ ಹಸಿರು ಬೆರೆತಿದೆ. ಅದು ಜೋರಿನ ಬಣ್ಣ, ಕಾಗದಕ್ಕೆ ಹತ್ತಿದರೆ ನೀರು ಹಾಕಿ ಎತ್ತೋಕೂ ಆಗಲ್ಲ. ಹಾಗಾಗಿ ಹಳೇ ಚಿತ್ರ ತಿದ್ದುವ ಆಸೆ ಬಿಡಿ. ಹೊಸದಕ್ಕೆ ಅದೇ ಸ್ಯಾಪ್ ಗ್ರೀನಿಗೆ ಚೂರು ಬರ್ಂಟ್ ಸಿಯೆನ್ನಾ, ಅಂದರೆ ಕೆಂಗಂದು, ಬೆರೆಸಿ. ಹಸಿರಿನ ಅಬ್ಬರ ಕೂಡಲೇ ಇಳಿಯುತ್ತೆ. ಬಿಸಿಲು ಬಿದ್ದ ಹುಲ್ಲಿಗೆ ಯೆಲ್ಲೋ ಆಕರ್ ಜಾಸ್ತಿ. ನೆರಳಿನ ಹುಲ್ಲಿಗೆ ಅಲ್ಟ್ರಾಮರೀನ್ ಅನ್ನುವ ಕಡು ನೀಲಿ ಜಾಸ್ತಿ. ಹಿಂದಿನ ಬೆಟ್ಟಗಳಿಗೆ ಹಸಿರನ್ನೇ ಮುಟ್ಟಬೇಡಿ. ಕೋಬಾಲ್ಟ್ ನೀಲಿಗೆ ಒಂದು ಎಳೆ ಅಲಿಜರಿನ್ ಕೆಂಪು ಬೆರೆಸಿ, ಒದ್ದೆ ಕಾಗದದ ಮೇಲೆ ಬಿಡಿ. ನಾಗಾ ಬೆಟ್ಟಗಳು ಆ ನೀಲಿಯಲ್ಲೇ ಹಿಂದಕ್ಕೆ ಸರಿಯುತ್ತವೆ.

ಆಕಾಶ. ಇದನ್ನು ಎಲ್ಲರೂ ಮರೆಯುತ್ತಾರೆ. ನೀವು ಆಕಾಶವನ್ನು ಬಿಳಿ ಕಾಗದವಾಗಿಯೇ ಬಿಟ್ಟಿದ್ದೀರಿ, ಫೋಟೋದಲ್ಲಿ ಹಾಗಿದೆ ಅಂತ. ಮೋಡದ ದಿನ ಫೋನ್ ಕ್ಯಾಮೆರಾ ಆಕಾಶವನ್ನು ಸುಟ್ಟು ಬಿಳಿ ಮಾಡುತ್ತೆ, ಅದು ನೀವು ನೋಡಿದ ಬಣ್ಣ ಅಲ್ಲ. ಆಕಾಶವೂ ಬಿಳಿ, ಕಲ್ಲೂ ಬಿಳಿ ಆದರೆ ದೊಡ್ಡ ಬಿಳಿ ಚಿಕ್ಕ ಬಿಳಿಯನ್ನು ನುಂಗುತ್ತೆ. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನ್ನಾ ಬೆರೆಸಿದರೆ ಸೊಗಸಾದ ಬೂದು ಬರುತ್ತೆ. ಅದನ್ನು ನೀರು ನೀರಾಗಿ ಇಡೀ ಆಕಾಶಕ್ಕೆ ಹಾಕಿ. ಆಗ ಇಡೀ ಕಾಗದದಲ್ಲಿ ಅಚ್ಚ ಬಿಳಿ ಉಳಿಯೋದು ಆ ಐದಾರು ನೆತ್ತಿಗಳಲ್ಲಿ ಮಾತ್ರ. ಕಣ್ಣು ಕಿರಿದು ಮಾಡಿ ನೋಡಿ, ಮೊದಲು ಅವೇ ಕಾಣಬೇಕು.

ಬಿಳಿ ಕಲ್ಲಿನ ನೆರಳಿನ ಮುಖಕ್ಕೂ ಇದೇ ಬೂದು ನಡೆಯುತ್ತೆ, ಸ್ವಲ್ಪ ನೀಲಿ ಕಡೆ ವಾಲಿಸಿ. ಬುಡದ ಹತ್ತಿರ, ಇನ್ನೂ ಒದ್ದೆಯಿರುವಾಗ, ಒಂದು ಚುಕ್ಕೆ ಹುಲ್ಲಿನ ಹಸಿರು ಮುಟ್ಟಿಸಿ. ಹುಲ್ಲಿನ ಮೇಲೆ ಬಿದ್ದ ಬೆಳಕು ಕಲ್ಲಿನ ಬುಡಕ್ಕೆ ಹಾರಿ ಬರುತ್ತೆ. ಆ ಒಂದು ಚುಕ್ಕೆಯಿಂದ ಕಲ್ಲು ನೆಲದ ಮೇಲೆ ಕೂರುತ್ತೆ. ಇಲ್ಲದಿದ್ದರೆ ಮೇಲೆ ಅಂಟಿಸಿದ ಹಾಗಿರುತ್ತೆ. ಕಂಚಿಗೆ ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ದಪ್ಪಗೆ ಕಲಸಿ ಒಂದೇ ಏಟು. ಅಕ್ಷರ ಬರೆಯಲು ಹೋಗಬೇಡಿ.

ಅಕ್ಷರ ಅಂದಾಗ ನೆನಪಾಯ್ತು. ಮೂರನೇ ಚಿತ್ರದಲ್ಲಿ ಬಾಗಿಲ ಹತ್ತಿರದ ದೊಡ್ಡ ಕಲ್ಲಿನ ಮೇಲೆ ಆ ಪ್ರಸಿದ್ಧ ಸಾಲುಗಳನ್ನು ಸೊನ್ನೆ ನಂಬರ್ ಬ್ರಷ್ಷಿನಲ್ಲಿ ಬರೆದಿದ್ದೀರಿ. ಬ್ರಿಟಿಷ್ ಸೈನ್ಯದ ಎರಡನೇ ಡಿವಿಜನ್ನಿನ ಸ್ಮಾರಕ ಅದು. ಊರಿಗೆ ಹೋದಾಗ ನಮ್ಮ ಬಗ್ಗೆ ಹೇಳಿ, ನಿಮ್ಮ ನಾಳೆಗಾಗಿ ನಮ್ಮ ಇಂದನ್ನು ಕೊಟ್ಟೆವು ಅನ್ನಿ, ಅಂತ ಅದರ ಅರ್ಥ. ಓದಿದವರಿಗೆ ಗಂಟಲು ಕಟ್ಟುತ್ತೆ ನಿಜ. ಆದರೆ ಚಿತ್ರದಲ್ಲಿ ಓದಲು ಬರುವ ಅಕ್ಷರ ಇದ್ದರೆ ನೋಡುವವರು ಮೊದಲು ಓದುತ್ತಾರೆ, ಆಮೇಲೆ ಹುಲ್ಲು, ಬೆಟ್ಟ ಯಾವುದನ್ನೂ ನೋಡಲ್ಲ. ಅಷ್ಟು ಕಷ್ಟಪಟ್ಟ ಹಸಿರು ವ್ಯರ್ಥ. ಕಲ್ಲಿನ ಮೇಲೆ ನಾಲ್ಕು ಮಸುಕು ಗೆರೆ ಎಳೆದು ಬಿಡಿ. ಸಾಲು ಬೇಕೇ ಬೇಕು ಅಂದ್ರೆ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ.

ಮೇಲುಗಡೆಯ ದೊಡ್ಡ ಶಿಲುಬೆಯನ್ನೂ ಸರಿಯಾಗಿ ನಡುಮಧ್ಯೆ ಇಟ್ಟಿದ್ದೀರಿ. ಅದನ್ನು ವಿನ್ಯಾಸ ಮಾಡಿದವರು ರೆಜಿನಾಲ್ಡ್ ಬ್ಲೋಮ್‌ಫೀಲ್ಡ್. ಜಗತ್ತಿನ ಎಷ್ಟೋ ಯೋಧರ ಸ್ಮಶಾನಗಳಲ್ಲಿ ಇದೇ ಶಿಲುಬೆ, ಮೈಮೇಲೆ ಕಂಚಿನ ಕತ್ತಿ. ನಡುವಿನಲ್ಲಿ ನಿಂತರೆ ಚಿತ್ರ ಗ್ರೀಟಿಂಗ್ ಕಾರ್ಡ್ ಆಗುತ್ತೆ. ಪಕ್ಕಕ್ಕೆ ಸರಿಸಿ, ಅರ್ಧ ಮರದ ಮರೆಯಲ್ಲಿರಲಿ.

ಮರ ಅಂದರೆ, ಅಲ್ಲಿಯ ಚೆರ್ರಿ ಮರ ನೋಡಿದಿರಾ? ಟೆನಿಸ್ ಕೋರ್ಟಿನ ಹತ್ತಿರ ಇದೆ. ಕದನದಲ್ಲಿ ಜಪಾನಿ ಸ್ನೈಪರ್‌ಗಳು ಹಳೇ ಚೆರ್ರಿ ಮರದಿಂದ ಗುಂಡು ಹಾರಿಸುತ್ತಿದ್ದರು. ಆ ಮರ ಯುದ್ಧದಲ್ಲೇ ಹಾಳಾಯ್ತು. ಈಗಿರುವುದು ಅದರ ಬೊಡ್ಡೆಯಿಂದ ಚಿಗುರಿ ಬೆಳೆದದ್ದು. ಇಡೀ ಜಾಗದಲ್ಲಿ ಅಳತೆಗೆ ಸಿಗದ ವಸ್ತು ಅದೊಂದೇ. ಬಾಕಿ ಎಲ್ಲ ಸಾಲು, ಗೆರೆ, ಹಂತ. ಚಿತ್ರಕ್ಕೆ ಒಂದು ಸೊಟ್ಟಗಿನ ಕೊಂಬೆ ಬೇಕೇ ಬೇಕು. ಬೆಂಗಳೂರಿನ ಹೂಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರ ಕೆಲಸ ಸಿಕ್ಕರೆ ಒಂದು ಮಧ್ಯಾಹ್ನ ಕೂತು ನೋಡಿ. ಎಲೆ ಎಲೆ ಬಿಡಿಸದೆ ಬಣ್ಣದ ಮುದ್ದೆಗಳಲ್ಲೇ ಮರ ನಿಲ್ಲಿಸುವುದು ಹೇಗೆ ಅಂತ ಗೊತ್ತಾಗುತ್ತೆ.

ಸಾಧ್ಯವಾದರೆ ಒಬ್ಬ ಮನುಷ್ಯನನ್ನೂ ತನ್ನಿ. ಪ್ರವಾಸಿ ಬೇಡ, ಸೆಲ್ಫಿಯ ಕೈ ಬಂದುಬಿಡುತ್ತೆ. ಬಗ್ಗಿ ಗುಲಾಬಿ ಪಾತಿ ಕೆದಕುವ ಮಾಲಿ ಸಾಕು, ಉಗುರಿನಷ್ಟು ಗಾತ್ರ. ಜಾನ್ ಲೇವರಿ 1919ರಲ್ಲಿ ಫ್ರಾನ್ಸಿನ ಎಟಾಪ್ಲ್ ಸ್ಮಶಾನವನ್ನು ಎಣ್ಣೆಬಣ್ಣದಲ್ಲಿ ಬರೆದಾಗ, ಮರದ ಶಿಲುಬೆಗಳ ಸಾಲಿನ ನಡುವೆ ಕೆಲಸ ಮಾಡುವ ಹೆಂಗಸರನ್ನು ತಂದರು. ಕಲ್ಲು ಎಷ್ಟು ಗಿಡ್ಡ, ಜಾಗ ಎಷ್ಟು ದೊಡ್ಡದು ಅನ್ನೋದು ಪಕ್ಕದಲ್ಲಿ ಒಂದು ಬಗ್ಗಿದ ಬೆನ್ನು ಇದ್ದಾಗ ಚೆನ್ನಾಗಿ ಗೊತ್ತಾಗುತ್ತೆ.

ಇನ್ನು ನಿಮ್ಮ ಅತ್ತೆಯವರ ಮಾತು. ವಾಸ್ತು ನನ್ನ ವಿಷಯ ಅಲ್ಲ, ಅತ್ತೆ ಸೊಸೆ ನಡುವೆ ಬರುವ ಧೈರ್ಯವೂ ಇಲ್ಲ. ಆದರೆ ಒಂದು ಕೇಳಿ ನೋಡಿ. ನಿಮ್ಮೂರ ಕೆರೆ ಏರಿ ಮೇಲೋ ಗುಡಿ ಪಕ್ಕದಲ್ಲೋ ವೀರಗಲ್ಲು ಇದ್ದೇ ಇರುತ್ತೆ. ಶಿವಮೊಗ್ಗ ಸೀಮೆಯಲ್ಲಂತೂ ಹೆಜ್ಜೆಗೊಂದು ಸಿಗುತ್ತೆ. ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗ. ಅದೂ ಕಾದಾಡಿ ಸತ್ತವನ ಕಲ್ಲೇ. ಬೆಂಗಳೂರು ಅನ್ನುವ ಹೆಸರು ಸಿಗುವ ಬೇಗೂರಿನ ಶಾಸನವೂ, 9ನೇ ಶತಮಾನದ ಕೊನೆಯದು, ಒಂದು ವೀರಗಲ್ಲೇ. ಅದಕ್ಕೆ ಕುಂಕುಮ ಇಟ್ಟು ಕೈ ಮುಗಿಯುವವರು ಇದಕ್ಕೆ ಯಾಕೆ ಹೆದರಬೇಕು ಅಂತ ಮೆಲ್ಲಗೆ ಕೇಳಿ. ಒಪ್ಪದಿದ್ದರೆ ಸುಮ್ನೆ ವಾದ ಬೇಡ, ನಿಮ್ಮ ಕೆಲಸದ ಮೇಜಿನ ಎದುರು ಹಾಕಿಕೊಳ್ಳಿ.

ಎಲ್ಲಿ ಹಾಕಿದರೂ ಕಟ್ಟು ಹಾಕಿಸುವಾಗ ಎದುರಿಗೇ ನಿಲ್ಲಿ. ನನ್ನ ಒಂದು ಚಿತ್ರವನ್ನು ಕಟ್ಟಿನ ಅಂಗಡಿಯವರೊಬ್ಬರು ಮೌಂಟ್ ಇಲ್ಲದೆ ನೇರ ಗಾಜಿಗೆ ಒತ್ತಿ ಕೂರಿಸಿದ್ದರು. ಒಂದೇ ಮಳೆಗಾಲಕ್ಕೆ ಆಕಾಶದ ತುಂಬ ಕಂದು ಬೂಷ್ಟು. ಗಾಜಿಗೂ ಕಾಗದಕ್ಕೂ ನಡುವೆ ದಪ್ಪ ಮೌಂಟ್ ಬೋರ್ಡ್ ಇರಲಿ, ಮಳೆ ಹೊಡೆಯುವ ಪಡುವಣ ಗೋಡೆಗೆ ಮಾತ್ರ ನೇತುಹಾಕಬೇಡಿ. ಕಾಗದದ ದಪ್ಪ 300 ಜಿಎಸ್‌ಎಂ ಇದ್ದರೆ ಸಾಕು, ಹತ್ತಿಯದ್ದು ಸಿಕ್ಕರೆ ಒಳ್ಳೇದು. ನೀವು ಈಗ ಬಳಸಿರುವುದು ಎರಡು ಸಲ ನೀರು ಬಿದ್ದರೆ ಉಬ್ಬುವ ಜಾತಿಯದು. ನಾಲ್ಕನೇ ಚಿತ್ರಕ್ಕೆ ಮೊದಲು ಅದನ್ನು ಬದಲಾಯಿಸಿ.